ಕ್ಯಾಸಂಬಳ್ಳಿಯ ರೆಡ್ಡಿ ಮತ್ತು ಚಿನ್ನದ ಲೆಕ್ಕ

ಬೆಳಗ್ಗೆ ಮಾರಿಕುಪ್ಪಂನಿಂದ ಹೊರಡುವ ರೈಲು ಬಂಗಾರಪೇಟೆಗೆ ಬರೋ ಹೊತ್ತಿಗೇ ತುಂಬಿರುತ್ತೆ. ಇಂಜಿನಿಯರಿಂಗ್ ಓದುವಾಗ ನಾನೂ ಅದರಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಹೋದವನು. ಟಿಫನ್ ಡಬ್ಬಿ ಮಡಿಲಲ್ಲಿಟ್ಟು ನಿದ್ದೆ ಹೋದವರು, ತಮಿಳು, ತೆಲುಗು, ಕನ್ನಡ ಕಲೆಸಿ ಹರಟುವವರು. 1894ರಲ್ಲಿ ಈ ಹಳಿ ಹಾಕಿದ್ದು ಜನ ದುಡಿಯಲು ಹೊರಗೆ ಹೋಗಲಿ ಅಂತಲ್ಲ, ಗಣಿಗೆ ಬೇಕಾದ ಸರಕು ಮತ್ತು ಆಳು ಒಳಗೆ ಬರಲಿ ಅಂತ.

ಆ ರೈಲಿನಲ್ಲಿದ್ದಾಗ ನನಗೆ ಕೆ. ಚೆಂಗಲರಾಯ ರೆಡ್ಡಿ ಯಾರು ಅಂತ ಗೊತ್ತಿರಲಿಲ್ಲ. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಅನ್ನೋದು ಪರೀಕ್ಷೆಗೆ ಬಾಯಿಪಾಠ ಮಾಡಿದ ಒಂದು ಸಾಲು, ಅಷ್ಟೆ. ಅವರು ನಮ್ಮ ಪಕ್ಕದ ಕ್ಯಾಸಂಬಳ್ಳಿಯವರು ಅಂತ ತಿಳಿದದ್ದು ಪತ್ರಕರ್ತನಾದ ಮೇಲೆ.

ರೆಡ್ಡಿ ಹುಟ್ಟಿದ್ದು 1902ರಲ್ಲಿ. ಅದೇ ವರ್ಷ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಿಂತ ಮೊದಲು ಕರೆಂಟು ಕಂಡದ್ದು ಜಾನ್ ಟೇಲರ್ ಕಂಪನಿಯ ಗಣಿ. ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಬುಡ್ಡಿದೀಪ. ಗಣಿಯೊಳಗೆ ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತರು. ಚಿನ್ನ ಲಂಡನ್ನಿಗೆ, ರಾಯಧನ ಮೈಸೂರಿನ ಖಜಾನೆಗೆ. ಖಜಾನೆಯೂ ಪೂರ್ತಿ ನಮ್ಮದಾಗಿರಲಿಲ್ಲ: ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಕಪ್ಪ ಕಟ್ಟುತ್ತಿತ್ತು. 1920ರ ದಶಕದ ಕೊನೆಯಲ್ಲಿ ಅದು 24.5 ಲಕ್ಷಕ್ಕೆ ಇಳಿಯಿತು.

ಕಾನೂನು ಓದಿದ ರೆಡ್ಡಿ 1930ರ ಹೊತ್ತಿಗೆ ಗೆಳೆಯರೊಂದಿಗೆ ಪ್ರಜಾ ಪಕ್ಷ ಕಟ್ಟಿದರು. ರೈತರ ಕಷ್ಟಗಳನ್ನು ಎತ್ತಿಕೊಂಡು ಹಳ್ಳಿಗಳಲ್ಲಿ ಬೇರು ಬಿಟ್ಟ ಪಕ್ಷ ಅದು. ಅವರ ರಾಜಕಾರಣವೆಲ್ಲ ಒಂದೇ ಬೇಡಿಕೆಯ ಸುತ್ತ ಇತ್ತು: ಜವಾಬ್ದಾರಿ ಸರ್ಕಾರ. ಅಂದಿನ ಶಾಸನಸಭೆಯ ಸ್ಥಿತಿ ನೋಡಿ. ಬಜೆಟ್ ಮೇಲೆ ಮಾತಾಡಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು, ಆದರೆ ದಿವಾನರನ್ನು ಕೆಳಗಿಳಿಸೋ ಹಾಗಿರಲಿಲ್ಲ. ವಿರೋಧ ಪಕ್ಷ ಅಂದ್ರೆ ಎಂದೂ ಅಧಿಕಾರಕ್ಕೆ ಬರಲಾಗದ ಪಕ್ಷ. ಯಾರಿಗೆ ಎಷ್ಟು ತೆರಿಗೆ, ಆ ಹಣ ಎಲ್ಲಿಗೆ ಅನ್ನೋದನ್ನ ಜನ ಆರಿಸಿದವರೇ ನಿರ್ಧರಿಸಬೇಕು ಅನ್ನುವುದೇ ಜವಾಬ್ದಾರಿ ಸರ್ಕಾರದ ತಿರುಳು.

ಅದೇ 1930ರ ಏಪ್ರಿಲ್‌ನಲ್ಲಿ ಗಣಿಯಲ್ಲಿ ಇನ್ನೊಂದು ಹೋರಾಟ ನಡೆಯಿತು. ಪ್ರತಿ ಕಾರ್ಮಿಕನ ಬೆರಳಚ್ಚು ತೆಗೆಯಲು ಕಂಪನಿ ಹೊರಟಾಗ ಸಾವಿರಾರು ಜನ ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ವಲಸೆ ಬಂದವನನ್ನು ಕಳ್ಳನಂತೆ ಕಾಣಬೇಡಿ ಅನ್ನೋದೇ ಅದರ ಅರ್ಥ. ಖಜಾನೆಯ ಲೆಕ್ಕ ಕೇಳುವವರು ಒಂದು ಕಡೆ, ಬೆವರಿನ ಲೆಕ್ಕ ಕೇಳುವವರು ಇನ್ನೊಂದು ಕಡೆ. ನಡುವೆ ಕೆಲವೇ ಮೈಲಿ ದೂರ, ಆದರೆ ಎರಡೂ ದಾರಿ ಪೂರ್ತಿ ಸೇರಲೇ ಇಲ್ಲ ಅಂತ ನನಗನ್ನಿಸುತ್ತೆ.

1937ರಲ್ಲಿ ರೆಡ್ಡಿಯವರ ಪಕ್ಷ ಕಾಂಗ್ರೆಸ್ಸಿನಲ್ಲಿ ಸೇರಿತು. 1946ರ ನವೆಂಬರ್ 4ರಂದು ಕೆಜಿಎಫ್‌ನಲ್ಲಿ ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಸತ್ತರು. ಮರುವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರಲಿಲ್ಲ. ರೆಡ್ಡಿ ನೇತೃತ್ವದಲ್ಲಿ ಮೈಸೂರು ಚಲೋ ಶುರುವಾಯಿತು, ಅವರ ಬಂಧನವಾಯಿತು. ಅಕ್ಟೋಬರ್ ಕೊನೆಯಲ್ಲಿ ಅವರೇ ಮುಖ್ಯಮಂತ್ರಿ!

ಇಲ್ಲೇ ನನ್ನ ತಕರಾರು ಇರೋದು. ನಾಲ್ಕೂವರೆ ವರ್ಷ ಅವರು ಅಧಿಕಾರದಲ್ಲಿದ್ದರು. ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ದು ಇವರ ಕಾಲದಲ್ಲೇ. ಆದರೆ ತಮ್ಮೂರಿನ ಪಕ್ಕದ ಗಣಿ ಕಂಪನಿಯ ಕೈಯಲ್ಲೇ ಉಳಿಯಿತು. ಹೊಸ ರಾಜ್ಯ, ಸಂಸ್ಥಾನದ ವಿಲೀನ, ಆದಾಯ ತೆರಿಗೆ ಮತ್ತು ರೈಲ್ವೆಯನ್ನು ಕೇಂದ್ರಕ್ಕೆ ಒಪ್ಪಿಸುವ ಹೊಂದಾಣಿಕೆ, ಕೈತುಂಬ ಕೆಲಸ ಇತ್ತು, ನಿಜ. ಆದರೂ ವಿರೋಧದಲ್ಲಿದ್ದಾಗ ಕೇಳಿದ ಪ್ರಶ್ನೆಗೆ ಅಧಿಕಾರ ಸಿಕ್ಕಾಗ ಉತ್ತರ ಕೊಡೋದು ಎಷ್ಟು ಕಷ್ಟ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಗಣಿ ರಾಜ್ಯ ಸರ್ಕಾರದ ಕೈಗೆ ಬಂದದ್ದು 1956ರ ಕೊನೆಯಲ್ಲಿ. ಆಗ ರೆಡ್ಡಿ ದೆಹಲಿಯಲ್ಲಿ ಕೇಂದ್ರ ಸಚಿವರು. ಗಣಿಯ ಜನ ಅವರಿಗಾಗಿ ಕಾಯಲಿಲ್ಲ. ಕಮ್ಯುನಿಸ್ಟರನ್ನು, ಅಂಬೇಡ್ಕರ್ ಹಾದಿಯ ಪಕ್ಷದವರನ್ನು ವಿಧಾನಸಭೆಗೆ ಆರಿಸಿ ಕಳಿಸಿದರು.

ಇದರಿಂದ ರೆಡ್ಡಿಯವರು ಸಣ್ಣವರಾಗಲ್ಲ. ತೆರಿಗೆ ಹಾಕುವವನು ಜನರಿಗೆ ಉತ್ತರ ಹೇಳಬೇಕು ಅನ್ನೋ ಮಾತನ್ನು ಗೆದ್ದುಕೊಟ್ಟವರು ಅವರು. ಆಮೇಲೆ ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದು 1976ರಲ್ಲಿ ತೀರಿಕೊಂಡರು. ಇನ್ನು ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಹೊರಗಿನಿಂದ ಬಂದವರ ಮೊಮ್ಮಕ್ಕಳು ಈಗ ಕೆಲಸ ಹುಡುಕಿಕೊಂಡು ದಿನಾ ಹೊರಗೆ ಹೋಗ್ತಾರೆ.

ಇವತ್ತೂ ನಮ್ಮ ಚರ್ಚೆ ಅದೇ ಎರಡು. ನಮ್ಮ ತೆರಿಗೆಯಲ್ಲಿ ದೆಹಲಿ ನಮಗೆ ವಾಪಸ್ ಕೊಡೋದೆಷ್ಟು? ಹೊರಗಿನವರಿಗೆ ಇಲ್ಲಿ ಕೆಲಸ ಯಾಕೆ? ಮೊದಲನೆಯದನ್ನ ಜೋರಾಗಿ ಕೇಳೋಣ, ಅದು ನಮ್ಮ ಹಕ್ಕು. ಎರಡನೆಯದನ್ನ ಕೇಳುವ ಮುಂಚೆ ಒಮ್ಮೆ ಮಾರಿಕುಪ್ಪಂ ರೈಲು ಹತ್ತಿ. ಪಕ್ಕದಲ್ಲಿ ನಿಂತವರ ತಾತ ಎಲ್ಲಿಂದ ಬಂದು, ಎಷ್ಟು ಆಳಕ್ಕೆ ಇಳಿದು, ಯಾರ ಖಜಾನೆ ತುಂಬಿಸಿದ ಅಂತ ವಿಚಾರಿಸಿ. ಆಮೇಲೆ ಮಾತಾಡೋಣ.