ಇನ್ನೂರು ಪ್ರಬಂಧಗಳ ಆಚೆಗೆ: ಡಾ. ಕಮಲಾ ರಣದಿವೆ

ನಮ್ಮ ಮಹಿಳಾ ವಿಭಾಗದ ಇ-ಸಂಚಿಕೆಗೆ ಒಬ್ಬ ಸಾಧಕಿಯ ಬಗ್ಗೆ ಬರೆಯಬೇಕೆಂದಾಗ ನಾನು ಆರಿಸಿಕೊಂಡದ್ದು ಕ್ಯಾನ್ಸರ್ ಸಂಶೋಧಕಿ ಡಾ. ಕಮಲಾ ರಣದಿವೆಯವರನ್ನು. ಅವರು ಕನ್ನಡತಿಯಲ್ಲ, ಪುಣೆಯ ಮರಾಠಿ ಮನೆಯ ಮಗಳು. ಆದರೂ ಡೊಂಬಿವಲಿ ಎಂಐಡಿಸಿಯಲ್ಲಿ ನೆಲೆ ನಿಂತ ನಮಗೆ ಅವರು ದೂರದವರಲ್ಲ. ಅವರು ದುಡಿದ ಸಂಸ್ಥೆ ಈಗ ಖಾರ್ಘರ್‌ನಲ್ಲಿದೆ, ಅವರು ಹುಟ್ಟುಹಾಕಿದ ಸಂಘ ವಾಶಿಯಲ್ಲಿದೆ. ಠಾಣೆಯಲ್ಲಿ ಲೋಕಲ್ ಬದಲಿಸಿದರೆ ಎರಡೂ ಕಡೆ ಹೋಗಿಬರಬಹುದು.

ಕಮಲಾ ಹುಟ್ಟಿದ್ದು 1917ರ ನವೆಂಬರ್ 8ರಂದು. ತಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ಜೀವಶಾಸ್ತ್ರದ ಪ್ರಾಧ್ಯಾಪಕರು. ಮಗಳು ವೈದ್ಯೆಯಾಗಬೇಕು, ವೈದ್ಯನನ್ನೇ ಮದುವೆಯಾಗಬೇಕು ಎಂಬುದು ಅವರ ಆಸೆ. ಮಗಳು ಆರಿಸಿಕೊಂಡದ್ದು ಸಸ್ಯಶಾಸ್ತ್ರವನ್ನು. 1939ರಲ್ಲಿ ಕೈಹಿಡಿದದ್ದು ಗಣಿತಜ್ಞ ಜೆ.ಟಿ. ರಣದಿವೆಯವರನ್ನು. ಮದುವೆಯ ನಂತರವೂ ಓದು ನಿಲ್ಲಲಿಲ್ಲ. ಸೀತಾಫಲದ ಕುಟುಂಬಕ್ಕೆ ಸೇರಿದ ಗಿಡಗಳ ಕ್ರೋಮೋಸೋಮ್‌ಗಳನ್ನು ಅಭ್ಯಾಸ ಮಾಡಿ 1943ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಮುಂಬಯಿಗೆ ಬಂದ ಮೇಲೆ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ವಿ.ಆರ್. ಖಾನೋಲ್ಕರ್ ಅವರ ಮಾರ್ಗದರ್ಶನದಲ್ಲಿ ದುಡಿದು, 1949ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪಿಎಚ್.ಡಿ. ಪಡೆದರು.

ಅಲ್ಲಿಂದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್. ದೇಹದ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆಯಲ್ಲಿ ಹೆಸರಾಗಿದ್ದ ಜಾರ್ಜ್ ಗೈ ಅವರ ಪ್ರಯೋಗಾಲಯದಲ್ಲಿ ಆ ಕೆಲಸ ಕಲಿತರು. ಸ್ವದೇಶಕ್ಕೆ ಮರಳಿ ಪರೇಲ್‌ನ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ, ಅಂದರೆ ಐಸಿಆರ್‌ಸಿಯಲ್ಲಿ, ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಕಟ್ಟಿದರು. ಇಲಿಗಳ ಮೇಲೆ ಪ್ರಯೋಗ ನಡೆಸಿ ಸ್ತನ ಕ್ಯಾನ್ಸರಿಗೂ ಅನುವಂಶೀಯತೆ, ಹಾರ್ಮೋನು, ವೈರಸ್‌ಗಳಿಗೂ ಇರುವ ನಂಟನ್ನು ಹುಡುಕಿದರು. 1966ರಿಂದ 1970ರವರೆಗೆ ಕೇಂದ್ರದ ಹಂಗಾಮಿ ನಿರ್ದೇಶಕಿಯಾಗಿದ್ದರು. ಕ್ಯಾನ್ಸರ್ ಹಾಗೂ ಕುಷ್ಠರೋಗದ ಬಗ್ಗೆ ಅವರು ಪ್ರಕಟಿಸಿದ ಪ್ರಬಂಧಗಳು 200ಕ್ಕೂ ಹೆಚ್ಚು.

ಈ 200 ಎಂಬ ಸಂಖ್ಯೆಯ ಬಗ್ಗೆ ಸ್ವಲ್ಪ ಹೇಳಬೇಕು. ಇಂದು ಸಂಶೋಧಕರನ್ನು ಅಳೆಯುವುದು ಎಷ್ಟು ಪ್ರಬಂಧ ಬರೆದರು, ಅವನ್ನು ಬೇರೆಯವರು ಎಷ್ಟು ಬಾರಿ ಉಲ್ಲೇಖಿಸಿದರು ಎಂಬ ಲೆಕ್ಕದಿಂದ. ನನ್ನ ಸೊಸೆಯೂ ಸಂಶೋಧಕಿ. ಹೆರಿಗೆ, ಬಾಣಂತನ ಎಂದು ಒಂದೂವರೆ ವರ್ಷ ಪ್ರಯೋಗಾಲಯದಿಂದ ದೂರ ಇದ್ದಳು. ಆಮೇಲೆ ಹೋದ ಒಂದು ಸಂದರ್ಶನದಲ್ಲಿ ಮೊದಲು ಕೇಳಿದ್ದೇ ಆ ಅವಧಿಯಲ್ಲಿ ಪ್ರಬಂಧ ಏಕಿಲ್ಲ ಎಂದು. ತೊಡೆಯ ಮೇಲೆ ಕೂತಿದ್ದ ಮಗು ಯಾವ ಲೆಕ್ಕಕ್ಕೂ ಸೇರಲಿಲ್ಲ.

ಕಮಲಾ ಕೆಲಸ ಆರಂಭಿಸಿದಾಗ ಈ ಅಳತೆಗೋಲೇ ಇರಲಿಲ್ಲ. ಅಮೆರಿಕದ ಯುಜೀನ್ ಗಾರ್ಫೀಲ್ಡ್ ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ ಬಂದದ್ದು 1964ರಲ್ಲಿ. ಈಗ ಎಲ್ಲರ ಬಾಯಲ್ಲಿರುವ ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ. ಆ ಸೂಚಿಯಲ್ಲಿ ಭಾರತದ ಪತ್ರಿಕೆಗಳಿಗೆ ಸಿಕ್ಕ ಜಾಗವೂ ಕಡಿಮೆ.

ಅವರ ಒಂದು ಪ್ರಬಂಧದ ಕಥೆಯನ್ನೇ ನೋಡಿ. ಕುಷ್ಠರೋಗಿಯ ದೇಹದಿಂದ ಪಡೆದ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಬಗೆಯನ್ನು ಸಿ.ವಿ. ಬಾಪಟ್, ಕಮಲಾ ಮತ್ತು ಖಾನೋಲ್ಕರ್ 1958ರಲ್ಲಿ ನಮ್ಮ ದೇಶದ ಪತ್ರಿಕೆಯಲ್ಲೇ ಪ್ರಕಟಿಸಿದರು. ಅದಕ್ಕೆ ಐಸಿಆರ್‌ಸಿ ಬ್ಯಾಸಿಲಸ್ ಎಂದೇ ಹೆಸರಾಯಿತು. ಎರಡು ದಶಕಗಳ ಮೇಲೆ ಅದೇ ಸಂಸ್ಥೆಯ ಡಾ. ಎಂ.ಜಿ. ದೇವ್ ಮತ್ತು ಸಂಗಡಿಗರು ಅದರಿಂದ ಕುಷ್ಠರೋಗದ ಲಸಿಕೆ ತಯಾರಿಸಿದರು. ದಕ್ಷಿಣ ಭಾರತದಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 1998ರಲ್ಲಿ ಹೊರಬಂದಾಗ, ಆ ಲಸಿಕೆ ಶೇ. 65ರಷ್ಟು ರಕ್ಷಣೆ ನೀಡಿತ್ತು. ಪ್ರಬಂಧ ಬಂದು ಆಗ 40 ವರ್ಷಗಳಾಗಿದ್ದವು. ಎರಡು ಮೂರು ವರ್ಷಗಳ ಉಲ್ಲೇಖ ಎಣಿಸಿ ತೀರ್ಪು ಕೊಟ್ಟಿದ್ದರೆ ಆ ಕೆಲಸದ ಬೆಲೆ ತಿಳಿಯುತ್ತಿತ್ತೇ?

ಹೆಣ್ಣುಮಕ್ಕಳು ವಿಜ್ಞಾನವನ್ನು ಅರ್ಧಕ್ಕೆ ಬಿಡುವುದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ, ಅನುಕೂಲದ ಕೊರತೆ ಎಂಬುದು ಕಮಲಾ ಅವರಿಗೆ ಗೊತ್ತಿತ್ತು. 1973ರಲ್ಲಿ ಜತೆಯ ವಿಜ್ಞಾನಿ ಮಹಿಳೆಯರೊಂದಿಗೆ ಅವರು ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘವನ್ನು ಸ್ಥಾಪಿಸಿದರು. ವಾಶಿಯಲ್ಲಿರುವ ಅದರ ಕೇಂದ್ರ ದುಡಿಯುವ ಮಹಿಳೆಯರಿಗೆ ಹಾಸ್ಟೆಲ್, ಮಕ್ಕಳಿಗೆ ಪಾಲನಾ ಕೇಂದ್ರ ನಡೆಸುತ್ತ ಬಂದಿದೆ. ಮಗುವನ್ನು ನಿಶ್ಚಿಂತೆಯಿಂದ ಬಿಟ್ಟು ಪ್ರಯೋಗಾಲಯಕ್ಕೆ ಹೋದ ತಾಯಿ ಬರೆಯುವ ಪ್ರಬಂಧದಲ್ಲಿ ಕಮಲಾ ಅವರ ಹೆಸರು ಇರುವುದಿಲ್ಲ. ಆದರೆ ಆ ಪ್ರಬಂಧದಲ್ಲಿ ಅವರ ಪಾಲು ಇದ್ದೇ ಇದೆ.

1982ರಲ್ಲಿ ಪದ್ಮಭೂಷಣ ಬಂತು. ನಿವೃತ್ತಿಯ ಮೇಲೆ ಆಗಿನ ಅಹಮದ್‌ನಗರ ಜಿಲ್ಲೆಯ ಬುಡಕಟ್ಟು ಮಕ್ಕಳ ಪೌಷ್ಟಿಕತೆಯ ಅಧ್ಯಯನಕ್ಕೆ ಇಳಿದರು. 2001ರಲ್ಲಿ ತೀರಿಕೊಂಡರು. ಮರುವರ್ಷ ಅವರ ಸಂಸ್ಥೆ ಪರೇಲ್‌ನಿಂದ ಖಾರ್ಘರ್‌ಗೆ ಬಂತು.

ಊರಿನಿಂದ ಓದಲು, ಸಂಶೋಧನೆ ಮಾಡಲು ಈ ಕಡೆ ಬರುವ ನಮ್ಮ ಹುಡುಗಿಯರು ಪ್ರತಿವರ್ಷ ಹೆಚ್ಚುತ್ತಿದ್ದಾರೆ. ನಿಮ್ಮ ಪರಿಚಯದವರಿದ್ದರೆ ವಾಶಿಯ ಈ ಸಂಘದ ಬಗ್ಗೆ ದಯವಿಟ್ಟು ತಿಳಿಸಿ. ಮನೆಯಲ್ಲಿ ಸೊಸೆಯೋ ಮಗಳೋ ಪ್ರಬಂಧ ಬರೆಯಲು ಕೂತಿದ್ದರೆ, ಮೊಮ್ಮಗುವನ್ನು ಎರಡು ಗಂಟೆ ನಾವೇ ನೋಡಿಕೊಳ್ಳೋಣ.