ರೆವರೆಂಡ್ ಕಿಟ್ಟೆಲ್ಲರ ದಿನದ ದುಡಿಮೆ

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ನಮ್ಮ ಬಾಲಿಕೆಯರು ಬಹು ಉತ್ಸಾಹದಿಂದ ವೇಳಾಪತ್ರಕಗಳನ್ನು ಬರೆದು ಮನೆಯ ಗೋಡೆಗೆ ಅಂಟಿಸುವರು. ನಸುಕಿನ ನಾಲ್ಕು ಗಂಟೆಗೆ ಏಳುವದು, ಮೂರು ತಾಸು ಓದುವದು, ಒಂದು ಕ್ಷಣವನ್ನೂ ವ್ಯರ್ಥವಾಗಿ ಕಳೆಯದಿರುವದು ಎಂಬ ದೊಡ್ಡ ನಿಶ್ಚಯಗಳು ಅದರಲ್ಲಿರುವವು. ದಸರೆಯ ಸೂಟಿ ಬರುವಷ್ಟರಲ್ಲಿ ಕಾಗದವು ಗೋಡೆಯ ಮೇಲೆ ಉಳಿದು ಅಭ್ಯಾಸವು ಅಳಿದಿರುವದು. ಆಗ ಪಾಲಕರು ಮಕ್ಕಳು ಸೋಮಾರಿಗಳೆಂದು ಬೇಸರಪಡುವರು. ಮಕ್ಕಳು ತಮ್ಮಿಂದ ಏನೂ ಆಗದೆಂದು ಧೈರ್ಯಗೆಡುವರು. ನಮಗೆ ತೋರುವ ಮಟ್ಟಿಗೆ ದೋಷವಿರುವದು ಮಕ್ಕಳಲ್ಲಿ ಅಲ್ಲ, ಆರಂಭದ ಅಳತೆಯಲ್ಲಿ. ಈ ಮಾತನ್ನು ಮನಗಾಣಿಸುವದಕ್ಕೆ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ಲರ ಚರಿತ್ರೆಯಷ್ಟು ತಕ್ಕದ್ದು ಬೇರೊಂದಿಲ್ಲ.

ಸಪ್ತಾಪುರದ ನಮ್ಮ ಓದುಗರಿಗೆ ಈ ಹೆಸರು ಹೊಸದಲ್ಲ. ಅವರ ಹೆಸರಿನ ಕಾಲೇಜು ನಮ್ಮ ಧಾರವಾಡದಲ್ಲಿಯೇ ಇದೆ. ಆದರೆ ಹೆಸರನ್ನು ಬಲ್ಲವರೆಲ್ಲರೂ ಅದರ ಹಿಂದಿನ ದುಡಿಮೆಯನ್ನು ಬಲ್ಲರೆಂದು ಹೇಳಲಾಗದು.

ಕಿಟ್ಟೆಲ್ಲರು 1832ನೆಯ ಇಸವಿ ಎಪ್ರಿಲ್ 7ರಂದು ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಜನಿಸಿದರು. ಬಾಸೆಲ್ ಪಟ್ಟಣದಲ್ಲಿ ಮಿಶನರಿಯ ಶಿಕ್ಷಣವನ್ನು ಪಡೆದು 1853ರಲ್ಲಿ, ಇಪ್ಪತ್ತೊಂದು ವರ್ಷದ ತರುಣರಾಗಿ, ಭಾರತಕ್ಕೆ ಬಂದರು. ಮುಂದೆ ಧಾರವಾಡ, ಮಂಗಳೂರು, ಮಡಿಕೇರಿ ಮೊದಲಾದ ಸ್ಥಳಗಳಲ್ಲಿ ಸೇವೆ ಮಾಡಿದರು. ತಾವು ಯಾರ ನಡುವೆ ಬಾಳಬೇಕೋ ಅವರ ನುಡಿ, ನಡೆ, ಹಾಡು, ಗಾದೆಗಳನ್ನು ಅರಿಯದೆ ಅವರ ಮನಸ್ಸನ್ನು ಮುಟ್ಟಲಾಗದೆಂಬ ನಂಬಿಗೆ ಅವರದು. ಆದಕಾರಣ ಎಳೆಯ ವಿದ್ಯಾರ್ಥಿಯಂತೆ ಅಕ್ಷರದಿಂದ ಆರಂಭಿಸಿ ಕನ್ನಡವನ್ನು ಕಲಿತರು.

ಅವರು ಒಮ್ಮೆಲೇ ಕೋಶವನ್ನು ರಚಿಸುವದಕ್ಕೆ ಕುಳಿತವರಲ್ಲ. ಮೊದಲು ಭಾಷೆಯನ್ನು ಕಲಿತರು. ಬಳಿಕ ಅದರಲ್ಲಿ ಪದ್ಯ ಕಟ್ಟುವಷ್ಟು ಪಳಗಿ, ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡ ಕಾವ್ಯದ ರೀತಿಯಲ್ಲಿ ಹೇಳುವ ಕಥಾಮಾಲೆಯನ್ನು 1862ರಲ್ಲಿ ಪ್ರಕಟಿಸಿದರು. ಆಮೇಲೆ ಹಳೆಯ ಶಾಸ್ತ್ರಗ್ರಂಥಗಳಿಗೆ ಕೈಹಾಕಿ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಅಚ್ಚುಹಾಕಿಸಿದರು. ಹೀಗೆ ಒಂದು ಮೆಟ್ಟಲಿನ ಮೇಲೆ ಕಾಲು ಗಟ್ಟಿಯಾಗಿ ನಿಂತ ಮೇಲೆಯೇ ಮುಂದಿನ ಮೆಟ್ಟಲಿಗೆ ಕಾಲಿಟ್ಟರು.

ಅವರ ಕನ್ನಡ-ಇಂಗ್ಲಿಷ್ ಕೋಶವು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಸಂಸ್ಥೆಯಿಂದ ಹೊರಬಂತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಪುಟಗಳು 1,700ಕ್ಕೂ ಹೆಚ್ಚು. ಇದಕ್ಕೆ ಹಿಡಿದ ಕಾಲವು ಹೆಚ್ಚುಕಡಿಮೆ ಇಪ್ಪತ್ತು ವರ್ಷ. ನಮ್ಮ ಹುಡುಗಿಯರು ಇಲ್ಲಿ ಒಂದು ಸುಲಭವಾದ ಭಾಗಾಕಾರವನ್ನು ಮಾಡಿ ನೋಡಲಿ. ಇಪ್ಪತ್ತು ವರ್ಷಕ್ಕೆ 70,000 ಎಂದರೆ ವರ್ಷಕ್ಕೆ 3,500. ದಿನಕ್ಕೆ ಹತ್ತಕ್ಕೂ ತುಸು ಕಡಿಮೆ! ಅವರು ದಿನಾಲು ಹತ್ತೇ ಶಬ್ದಗಳನ್ನು ಎಣಿಸಿ ಬರೆದರೆಂದು ನಾವು ಹೇಳುತ್ತಿಲ್ಲ. ಆದರೆ ಸರಾಸರಿಯು ಇಷ್ಟೇ. ಕೋಶವನ್ನು ಕೈಯಲ್ಲಿ ಎತ್ತಿದರೆ ಭಾರದಿಂದ ತೋಳು ನೋಯುವದು. ಅದರ ಒಂದು ದಿನದ ಪಾಲನ್ನು ನೋಡಿದರೆ ಚಿಕ್ಕ ಹುಡುಗಿಯ ಪಾಟಿಯ ಮೇಲೆ ಹಿಡಿಸುವದು.

ಆ ಹತ್ತು ಶಬ್ದಗಳ ಹಿಂದಿನ ಶ್ರಮವು ಮಾತ್ರ ಸಣ್ಣದಲ್ಲ. ಶಬ್ದವು ಯಾವ ಕಾವ್ಯದಲ್ಲಿದೆ, ಜನರ ಬಾಯಲ್ಲಿ ಹೇಗಿದೆ, ಯಾವ ಗಾದೆಯಲ್ಲಿ ಬರುತ್ತದೆ, ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿ ಅದರ ನಂಟು ಯಾವದು ಎಂಬುದನ್ನೆಲ್ಲ ವಿಚಾರಿಸಬೇಕಾಗಿತ್ತು. ಇದಕ್ಕಾಗಿ ಅವರು ಈ ನಾಡಿನ ಪಂಡಿತರ ನೆರವನ್ನು ಪಡೆದರು. ವಿಲಿಯಂ ರೀವ್ ಮೊದಲಾದವರ ಹಿಂದಿನ ಕೋಶಗಳು ಅವರ ಮುಂದೆ ಇದ್ದವು. ಅವುಗಳಿಂದ ತೃಪ್ತರಾಗದೆ ಇನ್ನೂ ಆಳಕ್ಕೆ ಇಳಿದರು.

ಈ ವರ್ಷಗಳು ಸುಖದವುಗಳೇ ಆಗಿದ್ದವೆಂದು ಯಾರೂ ತಿಳಿಯಬಾರದು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಅವರ ಮೊದಲನೆಯ ಪತ್ನಿಯು ಪರದೇಶದ ಈ ನೆಲದಲ್ಲಿಯೇ ತೀರಿಕೊಂಡರು. ಕೋಶದ ಕೆಲಸವು ನಡೆದಿರುವಾಗಲೇ ಸ್ವದೇಶಕ್ಕೆ ತೆರಳಬೇಕಾಯಿತು; ಪುನಃ 1883ರಲ್ಲಿ ಸಮುದ್ರವನ್ನು ದಾಟಿ ಬಂದು ಬಿಟ್ಟ ಕೆಲಸವನ್ನು ಕೈಗೆತ್ತಿಕೊಂಡರು. ದೊಡ್ಡ ಉತ್ಸಾಹವು ಒಂದು ದುಃಖಕ್ಕೆ ಕುಸಿಯಬಹುದು; ಚಿಕ್ಕ ಅಭ್ಯಾಸವು ಬೇರೂರಿದ್ದರೆ ಗಾಳಿಗೆ ಬಾಗಿದರೂ ಮತ್ತೆ ಏಳುವದು. ಕೋಶವು ಮುಗಿದಾಗ ಅವರಿಗೆ 62 ವರ್ಷ. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಅಷ್ಟಕ್ಕೆ ಲೇಖನಿಯನ್ನು ಕೆಳಗಿಡದೆ ಕನ್ನಡ ವ್ಯಾಕರಣವನ್ನು ಬರೆದು 1903ರಲ್ಲಿ ಪ್ರಕಟಿಸಿದರು. ಅದೇ ವರ್ಷ ಡಿಸೆಂಬರದಲ್ಲಿ ಟ್ಯೂಬಿಂಗೆನ್ನಿನಲ್ಲಿ ದೇವರ ವಿಶ್ರಾಂತಿಗೆ ಸೇರಿದರು.

ಪಾಲಕರಲ್ಲಿ ನಮ್ಮ ವಿನಂತಿಯು ಇಷ್ಟೇ. ಆರು ಗಂಟೆಗೆ ಏಳುವ ಮಗಳನ್ನು ನಾಳೆಯೇ ನಾಲ್ಕಕ್ಕೆ ಎಬ್ಬಿಸಬೇಡಿರಿ. ಈ ವಾರ ಐದು ಮಿನಿಟು ಮೊದಲು, ಮುಂದಿನ ವಾರ ಇನ್ನೈದು ಮಿನಿಟು. ಓದಿನಲ್ಲಿ ಹಿಂದುಳಿದವಳು ರಾತ್ರಿ ಊಟದ ಮೊದಲು ಒಂದೇ ಪುಟವನ್ನು ಓದಲಿ, ಆದರೆ ತಪ್ಪದೆ ಓದಲಿ. ದಿನವೂ ನಡೆಯುವ ಕೆಲಸದ ಬೆನ್ನಿಗೆ ಹೊಸದನ್ನು ಕಟ್ಟಿದರೆ ನೆನಪು ತಾನಾಗಿ ಬರುವದು. ಒಂದು ದಿನ ತಪ್ಪಿದರೆ ಬೈಯದೆ ಮರುದಿನ ಮುಂದುವರಿಸಿರಿ. ಒಂದು ಅಭ್ಯಾಸವು ನೆಲೆಗೊಂಡ ಹೊರತು ಎರಡನೆಯದನ್ನು ಹೊರಿಸಬೇಡಿರಿ.

ಸಂಸಾರದ ಹೊಣೆಯನ್ನು ಹೊತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಓದು ಬರಹಕ್ಕೆ ಸಮಯವಿಲ್ಲವೆಂದು ಕೈಚೆಲ್ಲಬಾರದು. ಅನ್ನ ಕುದಿಯುವಷ್ಟು ಹೊತ್ತಿನಲ್ಲಿ ಒಂದು ಪುಟ ಸಾಗುವದು. ವರ್ಷಾಂತ್ಯಕ್ಕೆ ಅದು 365 ಪುಟದ ಗ್ರಂಥವಾಗುವದು. ಹನಿಗೂಡಿ ಹಳ್ಳವಾಗುವದನ್ನೂ ತೆನೆಗೂಡಿ ಬಳ್ಳವಾಗುವದನ್ನೂ ನಮ್ಮ ಹಿರಿಯರು ಬಲ್ಲವರಾಗಿದ್ದರು. ದೂರದೇಶದಿಂದ ಬಂದ ಒಬ್ಬರು ಆ ಮಾತನ್ನು ನಮ್ಮ ನುಡಿಯ ಸೇವೆಯಲ್ಲಿಯೇ ನಡೆಸಿ ತೋರಿಸಿದರು. ಇಂದಿನ ಪಾಲು ಸಣ್ಣದಾಗಿರಲಿ, ಆದರೆ ಅದು ಇಂದೇ ಆಗಲಿ.