ದಿವಾನ್ ಪೂರ್ಣಯ್ಯನವರ ಕೊನೆಯ ಬಿಡಾರ



ಪ್ರವಚನ ಮುಗಿದು, ಮಂಗಳಾರತಿಯಾಗಿ, ಮಂತ್ರಾಕ್ಷತೆ ಪಡೆದ ಮೇಲೆ ನಮ್ಮ ದೇವಸ್ಥಾನದ ಪ್ರಾಕಾರದಲ್ಲಿ ಹಿರಿಯರು ಕೆಲಹೊತ್ತು ಕುಳಿತು ಮಾತನಾಡುವುದು ವಾಡಿಕೆ. ಈಚೆಗೆ ಆ ಮಾತು ಬಹುಮಟ್ಟಿಗೆ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತಿರುವುದನ್ನು ನಾವು ಗಮನಿಸಿದ್ದೇವೆ. ಉದ್ಯೋಗದಿಂದ ನಿವೃತ್ತರಾದ ಮೇಲೆ ನೆಲೆಸುವುದೆಲ್ಲಿ? ಮಗನ ಮನೆಯಲ್ಲೋ, ಪೂರ್ವಿಕರ ಊರಿನಲ್ಲೋ, ಎಂದೋ ನಿವೇಶನ ಕೊಂಡಿಟ್ಟ ಬಡಾವಣೆಯಲ್ಲೋ, ಯಾವುದಾದರೊಂದು ಕ್ಷೇತ್ರದಲ್ಲೋ? ಈ ಪ್ರಶ್ನೆಗೆ ನಿರ್ಣಯ ಹೇಳುವ ವಯಸ್ಸಾಗಲಿ ಅಧಿಕಾರವಾಗಲಿ ನಮಗಿಲ್ಲ. ಆದರೆ ನಮ್ಮ ಮಾಧ್ವ ಸಮಾಜದಲ್ಲಿಯೇ ಜನಿಸಿ, ಒಂದು ಸಂಸ್ಥಾನವನ್ನೇ ನಡೆಸಿದ ಮಹನೀಯರೊಬ್ಬರ ಮುಂದೆಯೂ ಇದೇ ಪ್ರಶ್ನೆ ನಿಂತಿತ್ತು. ಅವರು ದಿವಾನ್ ಪೂರ್ಣಯ್ಯನವರು. ಅವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಪೂರ್ಣಯ್ಯನವರು ಜನಿಸಿದ್ದು 1746ರಲ್ಲಿ, ಇಂದಿನ ತಮಿಳುನಾಡಿಗೆ ಸೇರಿದ ಕೊಯಮತ್ತೂರು ಸೀಮೆಯಲ್ಲಿ. ದೇಶಸ್ಥ ಮಾಧ್ವ ಬ್ರಾಹ್ಮಣ ಮನೆತನ. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಸಂಸಾರದ ಭಾರ ಹೊರಬೇಕಾದ ಬಾಲಕ ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಆ ವ್ಯಾಪಾರದ ಸಂಬಂಧದಿಂದಲೇ ಶ್ರೀರಂಗಪಟ್ಟಣದ ಅರಮನೆಯ ಬಾಗಿಲು ಅವರಿಗೆ ತೆರೆಯಿತು. ಲೆಕ್ಕದಲ್ಲಿ ಕಾಸಿನಷ್ಟೂ ತಪ್ಪದ ಅವರ ಬುದ್ಧಿಯನ್ನು ಹೈದರಾಲಿಯು ಗುರುತಿಸಿ ತನ್ನ ಕಂದಾಯದ ಕಾರ್ಯಕ್ಕೆ ತೆಗೆದುಕೊಂಡನು.

1782ರ ಡಿಸೆಂಬರ್ ತಿಂಗಳಲ್ಲಿ ಹೈದರಾಲಿಯು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಮರಣ ಹೊಂದಿದಾಗ ಟಿಪ್ಪು ಸುಲ್ತಾನನು ದೂರದ ಮಲೆಯಾಳದ ಕಡೆ ಯುದ್ಧದಲ್ಲಿದ್ದನು. ಸುದ್ದಿ ಹಬ್ಬಿದರೆ ಸೈನ್ಯ ಚದುರುವ ಭಯವಿತ್ತು. ಟಿಪ್ಪು ಬಂದು ಸೇರುವವರೆಗೆ ಆ ಸುದ್ದಿಯನ್ನು ಮುಚ್ಚಿಟ್ಟು ಪಾಳೆಯವನ್ನು ಕಾಪಾಡಿದವರಲ್ಲಿ ಪೂರ್ಣಯ್ಯನವರು ಪ್ರಮುಖರು. ಮುಂದೆ ಟಿಪ್ಪುವಿನ ಆಡಳಿತದಲ್ಲಿಯೂ ಉನ್ನತ ಸ್ಥಾನದಲ್ಲಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದನು. ಅದೇ ಜೂನ್ 30ರಂದು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಬಾಲಮಹಾರಾಜರ ಪರವಾಗಿ ರಾಜ್ಯಭಾರ ನಡೆಸುವ ದಿವಾನಗಿರಿ ಪೂರ್ಣಯ್ಯನವರ ಪಾಲಿಗೆ ಬಂದಿತು. ಆಗ ಅವರಿಗೆ 53 ವರ್ಷ.

ಮುಂದಿನ ಹನ್ನೆರಡು ವರ್ಷಗಳ ಅವರ ದುಡಿಮೆಯನ್ನು ಪೂರ್ತಿ ವರ್ಣಿಸಲು ಈ ಪತ್ರಿಕೆಯ ಪುಟಗಳು ಸಾಲವು. ಹಾಳುಬಿದ್ದಿದ್ದ ಮೈಸೂರು ಮತ್ತೆ ರಾಜಧಾನಿಯಾಗಿ ಎದ್ದಿತು, ಅರಮನೆ ಮೇಲೆದ್ದಿತು, ಕೆರೆ ಕಾಲುವೆಗಳು ದುರಸ್ತಾದವು. 1804ರಲ್ಲಿ ಶ್ರೀರಂಗಪಟ್ಟಣದ ಉತ್ತರಕ್ಕೆ ಕಾವೇರಿಯ ಮೇಲೆ ಕಲ್ಲಿನ ಕಂಬಗಳ ಸೇತುವೆಯೊಂದು ನಿರ್ಮಾಣವಾಗಿ ಅಂದಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನು ಪಡೆಯಿತು. ಕಾವೇರಿಯ ನೀರನ್ನು ಕಾಲುವೆಯ ಮೂಲಕ ಮೈಸೂರು ನಗರಕ್ಕೆ ತರಬೇಕೆಂದು ಪೂರ್ಣಯ್ಯನವರು ಬಹುವಾಗಿ ಯತ್ನಿಸಿದರು. ಅದು ಮಾತ್ರ ಕೈಗೂಡಲಿಲ್ಲ. ಪೂರ್ಣಯ್ಯನ ನಾಲೆಯೆಂಬ ಹೆಸರಷ್ಟೇ ಉಳಿಯಿತು. ಅವರು ಅಧಿಕಾರ ಬಿಡುವ ವೇಳೆಗೆ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗಳಿಗೂ ಮಿಕ್ಕ ಹಣ ಸಂಚಯವಾಗಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. 1807ರಲ್ಲಿ ಅವರ ಸೇವೆಯನ್ನು ಮೆಚ್ಚಿ ಯಳಂದೂರನ್ನು ವಂಶಪಾರಂಪರ್ಯ ಜಹಗೀರಾಗಿ ಕೊಡಲಾಯಿತು.

ಇನ್ನು ನಮ್ಮ ಪ್ರಕೃತ ವಿಷಯಕ್ಕೆ ಬರೋಣ. ಮಹಾರಾಜರು ಹದಿನಾರು ತುಂಬಿ ಪ್ರಾಪ್ತವಯಸ್ಕರಾದರು. ರಾಜ್ಯವನ್ನು ಸ್ವತಃ ಆಳಬೇಕೆಂಬ ಇಚ್ಛೆ ಅವರಿಗೆ ಸಹಜವಾಗಿಯೇ ಉಂಟಾಯಿತು. ಆದರೆ ಮೂವರು ಪ್ರಭುಗಳ ಕಾಲದಲ್ಲಿ ದುಡಿದ ವೃದ್ಧರಿಗೆ ಅಧಿಕಾರವನ್ನು ಬಿಟ್ಟುಕೊಡುವುದು ಸುಲಭವಾಗಲಿಲ್ಲ. ಈ ವಿಷಯದಲ್ಲಿ ತರುಣ ಮಹಾರಾಜರಿಗೂ ಹಿರಿಯ ದಿವಾನರಿಗೂ ಪೂರ್ಣ ಸಾಮರಸ್ಯವಿರಲಿಲ್ಲವೆಂಬುದನ್ನು ಚರಿತ್ರೆ ಮುಚ್ಚಿಡುವುದಿಲ್ಲ, ನಾವೂ ಮುಚ್ಚಿಡಬೇಕಾದುದಿಲ್ಲ. ಲೆಕ್ಕದ ಕಡತವನ್ನು ಮಗನ ಕೈಗೆ ಕೊಡಲು ಹಿಂಜರಿಯುವ ತಂದೆ ಯಾವ ಮನೆಯಲ್ಲಿಲ್ಲ? ಕೊನೆಗೆ 1811ರ ಅಂತ್ಯದಲ್ಲಿ ಪೂರ್ಣಯ್ಯನವರು ರಾಜ್ಯಭಾರದಿಂದ ನಿವೃತ್ತರಾದರು. ಆಗ ಅವರಿಗೆ 65 ವರ್ಷ.

ಅವರ ಮುಂದೆ ಮೂರು ಊರುಗಳಿದ್ದವು. ಮೊದಲನೆಯದು ಮೈಸೂರು. ಅದು ತಾವೇ ಮುಂದೆ ನಿಂತು ಕಟ್ಟಿಸಿದ ರಾಜಧಾನಿ. ಪರಿಚಿತರೂ ಉಪಕೃತರೂ ತುಂಬಿದ್ದ ಊರು. ಆದರೆ ನಿನ್ನೆಯವರೆಗೆ ಆಜ್ಞೆ ಮಾಡುತ್ತಿದ್ದ ಸ್ಥಳದಲ್ಲಿ ನಾಳೆಯಿಂದ ಸುಮ್ಮನೆ ಕುಳಿತಿರುವುದು ತಮಗೂ ಕಷ್ಟ, ಹೊಸಬರಿಗೂ ಕಷ್ಟ. ಎರಡನೆಯದು ಯಳಂದೂರು. ಸುವರ್ಣಾವತಿಯ ದಡ, ಸಮೀಪದಲ್ಲಿಯೇ ಬಿಳಿಗಿರಿರಂಗನ ಬೆಟ್ಟ, ಸ್ವಂತ ಜಹಗೀರು, ಗದ್ದೆ ತೋಟಗಳ ಸೌಖ್ಯ. ಲೌಕಿಕ ಬುದ್ಧಿಯಿಂದ ನೋಡಿದರೆ ನಿವೃತ್ತರಿಗೆ ಇದಕ್ಕಿಂತ ಯೋಗ್ಯವಾದ ನೆಲೆ ಇನ್ನಾವುದು?

ಮೂರನೆಯದು ಶ್ರೀರಂಗಪಟ್ಟಣ. ಅಂದಿನ ಶ್ರೀರಂಗಪಟ್ಟಣ ಎಂಥದಾಗಿತ್ತೆಂಬುದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಯುದ್ಧವಾದ ಮರುವರ್ಷ, 1800ರಲ್ಲಿ, ಅಲ್ಲಿಗೆ ಬಂದ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನ ಅಂದಾಜಿನಂತೆ ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದ ದ್ವೀಪದಲ್ಲಿ ಸುಮಾರು 32,000 ಜನರಷ್ಟೇ ಉಳಿದಿದ್ದರು. ದ್ವೀಪದ ಜ್ವರಕ್ಕೆ ಹೆದರಿ ಆಂಗ್ಲರ ದಂಡು 1809ರ ಸುಮಾರಿಗೆ ಬೆಂಗಳೂರಿನತ್ತ ಬಿಡಾರ ಎತ್ತಿತ್ತು. ಅಷ್ಟೇ ಅಲ್ಲ, ಆ ದ್ವೀಪ ಮಹಾರಾಜರ ಸ್ವತ್ತಾಗಿರಲಿಲ್ಲ. 1799ರ ಏರ್ಪಾಡಿನಂತೆ ಅದು ಕಂಪನಿಯವರದು. 1881ರವರೆಗೂ ಅದು ಮೈಸೂರಿಗೆ ಮರಳಲಿಲ್ಲ. ಹೀಗೆ ಜನ ತೊರೆದ, ಹವೆ ಕೆಟ್ಟ, ವೈಭವ ಅಳಿದ ಊರು ಅದು.

ಪೂರ್ಣಯ್ಯನವರು ಆರಿಸಿಕೊಂಡದ್ದು ಶ್ರೀರಂಗಪಟ್ಟಣವನ್ನು.

ನಮಗೆ ತೋರುವಂತೆ ಇದರಲ್ಲಿ ದೊಡ್ಡ ಅರ್ಥವಿದೆ. ತಾರುಣ್ಯದಲ್ಲಿ ಲೆಕ್ಕದ ಕಡತ ಹಿಡಿದು ಬಂದ ಊರು ಅದೇ. ಏಳುಬೀಳುಗಳೆರಡನ್ನೂ ಕಂಡ ಊರು ಅದೇ. ಅಲ್ಲಿ ಸುತ್ತಲೂ ಕಾವೇರಿ ಹರಿಯುತ್ತಾಳೆ. ನಡುವೆ ಶ್ರೀರಂಗನಾಥನು ಯೋಗನಿದ್ರೆಯಲ್ಲಿ ಪವಡಿಸಿದ್ದಾನೆ. ಪ್ರಾತಃಕಾಲ ನದಿಯ ಸ್ನಾನ, ಆಹ್ನಿಕ, ದೇವರ ದರ್ಶನ ಇಷ್ಟನ್ನೇ ಬಯಸುವವನಿಗೆ ಜಹಗೀರಿನಿಂದ ಏನಾಗಬೇಕು? ಕಾವೇರಿಯನ್ನು ಮೈಸೂರಿಗೆ ತರಲಾಗದ ದಿವಾನರು ಕೊನೆಗೆ ತಾವೇ ಕಾವೇರಿಯ ಬಳಿಗೆ ಹೋದರು. ಅರಮನೆಗೆ ತೀರ ದೂರವೂ ಅಲ್ಲ, ಅರಮನೆಯ ಕಣ್ಣೆದುರೂ ಅಲ್ಲ. ಕರೆದರೆ ಬರಬಹುದು; ಕರೆಯದಿದ್ದರೆ ಅಡ್ಡಬರುವಂತಿಲ್ಲ.

ಆದರೆ ಆ ವಾಸ ದೀರ್ಘವಾಗಲಿಲ್ಲ. 1812ರ ಮಾರ್ಚ್ ತಿಂಗಳ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಪೂರ್ಣಯ್ಯನವರು ಹರಿಪಾದವನ್ನು ಸೇರಿದರು. ರಾಜಕಾರ್ಯದಲ್ಲಿ ಸವೆದ ದೀರ್ಘಾಯುಷ್ಯದ ಕೊನೆಯಲ್ಲಿ ಅವರಿಗೆ ದೊರೆತ ಬಿಡುವು ಕೆಲವೇ ತಿಂಗಳುಗಳದು. ಆ ಅವಧಿಯಲ್ಲಿ ಒಂದು ಮಕರಸಂಕ್ರಾಂತಿ, ಒಂದು ರಥಸಪ್ತಮಿ ಬಂದು ಹೋದವು, ಅಷ್ಟೇ. ಯಳಂದೂರಿನ ಜಹಗೀರನ್ನು ಅವರ ವಂಶಸ್ಥರು ಅನುಭವಿಸಿದರು. ಆ ವಂಶದವರೇ ಆದ ಪಿ. ಎನ್. ಕೃಷ್ಣಮೂರ್ತಿಯವರು 1901ರಲ್ಲಿ ಮೈಸೂರಿನ ದಿವಾನರೂ ಆದರು.

ಈ ಚರಿತ್ರೆಯನ್ನು ಓದುವಾಗ ನಮಗೆ ನಮ್ಮ ತೀರ್ಥರೂಪರ ನೆನಪಾಗುತ್ತದೆ. ಬಹುಕಾಲ ಅರ್ಚಕತ್ವ ನಡೆಸಿ ಅವರು ವಿಶ್ರಾಂತರಾದಾಗ, ನಾವು ಪಟ್ಟಣದ ನಮ್ಮ ಮನೆಯಲ್ಲಿ ಅವರಿಗೊಂದು ಕೋಣೆಯನ್ನು ಸಜ್ಜುಗೊಳಿಸಿದೆವು. ಮಂಚ, ಬಿಸಿನೀರು, ಗಾಳಿ ಬೆಳಕು, ಯಾವುದಕ್ಕೂ ಕೊರತೆಯಿರಲಿಲ್ಲ. ಒಂದು ಪಕ್ಷ ಕಾಲ ಇದ್ದು, ಯಾರನ್ನೂ ಆಕ್ಷೇಪಿಸದೆ, ಮಡಿಪಂಚೆಗಳನ್ನು ಮಡಿಸಿಟ್ಟುಕೊಂಡು ದೇವಸ್ಥಾನದ ಬೀದಿಯ ಹಳೆಯ ಮನೆಗೆ ಹಿಂದಿರುಗಿದರು. ಎಲ್ಲ ಅನುಕೂಲವನ್ನೂ ಒದಗಿಸಿದ್ದ ನಾವು ಅವರ ಇಚ್ಛೆಯೇನೆಂದು ಒಮ್ಮೆಯೂ ಕೇಳಿರಲಿಲ್ಲ. ಸೋರುವ ಆ ಮನೆಯ ಹಂಚನ್ನು ಸರಿಪಡಿಸಿಕೊಡುವುದೇ ನಮ್ಮ ಕರ್ತವ್ಯವಾಗಿತ್ತೆಂಬುದು ಆಮೇಲೆ ತಿಳಿಯಿತು.

ಆದುದರಿಂದ ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಇರುವ ಊರನ್ನು ಆಸ್ತಿಯನ್ನು ನೋಡಿ ನಿಶ್ಚಯಿಸಬೇಡಿ. ಬೆಳಗಾದ ಕೂಡಲೇ ಮನಸ್ಸು ಎತ್ತ ಹೋಗುತ್ತದೆಯೋ ಅತ್ತ ನೋಡಿ ನಿಶ್ಚಯಿಸಿ. ವೈದ್ಯರು ಹತ್ತಿರವಿರಬೇಕು, ಆಪ್ತರು ಹತ್ತಿರವಿರಬೇಕು. ಅದನ್ನು ಅಲಕ್ಷಿಸಬೇಕೆಂದು ನಾವು ಹೇಳುವುದಿಲ್ಲ. ಶ್ರೀರಂಗಪಟ್ಟಣದ ಜ್ವರವೂ ಸುಳ್ಳಲ್ಲ. ಆದರೆ ನಿಶ್ಚಯವನ್ನು ಮುಂದೂಡಬೇಡಿ. ಅಷ್ಟು ದೊಡ್ಡ ಲೆಕ್ಕಿಗರೂ ತಮ್ಮ ಆಯುಷ್ಯದ ಲೆಕ್ಕದಲ್ಲಿ ಕೊನೆಗೆ ಉಳಿಸಿಕೊಂಡದ್ದು ಕೆಲವೇ ತಿಂಗಳು. ಕಿರಿಯರಲ್ಲಿ ವಿಜ್ಞಾಪನೆ ಇನ್ನೂ ಚಿಕ್ಕದು. ಕೋಣೆ ಸಜ್ಜುಗೊಳಿಸುವ ಮೊದಲು ಅವರನ್ನು ಒಂದು ಮಾತು ಕೇಳಿ.

ಬರುವ ರಥಸಪ್ತಮಿಗೆ ಶ್ರೀರಂಗಪಟ್ಟಣಕ್ಕೆ ಹೋಗುವವರು ರಂಗನಾಥನ ದರ್ಶನಾನಂತರ ನದಿಯ ದಡದಲ್ಲಿ ಒಂದು ಕ್ಷಣ ನಿಂತು ಈ ವೃದ್ಧ ದಿವಾನರನ್ನು ಸ್ಮರಿಸಬೇಕಾಗಿ ಪ್ರಾರ್ಥನೆ.

॥ ಶ್ರೀಕೃಷ್ಣಾರ್ಪಣಮಸ್ತು ॥